ಕಸೂತಿಯ ಲೆಕ್ಕ, ಗಾಜಿನ ಗೋಡೆ: ಪ್ರಾಥಮಿಕ ಶಾಲೆಯಲ್ಲಿ ಮೊಸಾಯಿಕ್ ಮಾಡಿಸುವವರಿಗೆ

ಶಾಲೆಯ ಗೋಡೆಗೆ ಮಕ್ಕಳ ಕೈಯಿಂದ ಮೊಸಾಯಿಕ್, ಅಂದರೆ ಸಣ್ಣ ಗಾಜಿನ ಟೈಲ್ ಜೋಡಿಸಿದ ಚಿತ್ರ, ಮಾಡಿಸಬೇಕೆಂದು ಹೊರಡುವ ಕಲಾವಿದರು ಸಾಮಾನ್ಯವಾಗಿ ಮರ, ಸೂರ್ಯ, ಚಿಟ್ಟೆ ಅಂತ ಬಾಗು ಗೆರೆಗಳ ಚಿತ್ರವನ್ನೇ ಬರೆದುಕೊಂಡು ಹೋಗುತ್ತಾರೆ. ಗೆರೆ ಬಾಗಿತೆಂದರೆ ಗಾಜು ಕತ್ತರಿಸಲೇಬೇಕು. ಒಂಬತ್ತು ವರ್ಷದ ಮಗುವಿನ ಕೈಗೆ ಗಾಜಿನ ಇಕ್ಕಳ ಕೊಡುವಂತಿಲ್ಲ. ಕಡೆಗೆ ಕಲಾವಿದರು ಮೂಲೆಯಲ್ಲಿ ಕೂತು ಚೂರು ಮಾಡುತ್ತಾರೆ, ಮಕ್ಕಳು ಕೊಟ್ಟ ಚೂರನ್ನು ತೋರಿಸಿದ ಜಾಗಕ್ಕೆ ಅಂಟಿಸುತ್ತಾರೆ, ಎರಡನೇ ದಿನಕ್ಕೆ ಅರ್ಧ ತರಗತಿ ಅಂಗಳದಲ್ಲಿರುತ್ತದೆ. ಮಕ್ಕಳಿಗೆ ಲಕ್ಷ್ಯವಿಲ್ಲ ಎಂದು ದೂರುವ ಮೊದಲು ಚಿತ್ರವನ್ನೊಮ್ಮೆ ನೋಡಬೇಕು.

ಧಾರವಾಡ ಸೀಮೆಯಲ್ಲಿ ಇದಕ್ಕೆ ಪರಿಹಾರ ಅಜ್ಜಿಯರ ಟ್ರಂಕಿನಲ್ಲೇ ಇದೆ. ಕಸೂತಿ ಹಾಕುವವರು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುತ್ತಾರೆ. ಗೋಪುರ, ತೇರು, ತುಳಸಿಕಟ್ಟೆ, ಆನೆ, ಕಮಲ ಎಲ್ಲವೂ ಎಣಿಕೆಯಿಂದಲೇ ಏಳುತ್ತವೆ. ಆ ಎಣಿಕೆಯನ್ನು ಚೌಕಳಿ ಹಾಳೆಗೆ ಇಳಿಸಿ, ಒಂದು ಚೌಕಕ್ಕೆ ಒಂದು ಗಾಜಿನ ಟೈಲ್ ಎಂದು ಹಿಡಿದರೆ ಒಂದೂ ಟೈಲ್ ಕತ್ತರಿಸದೆ ಇಡೀ ಗೋಡೆ ಮುಗಿಯುತ್ತದೆ. ನಾಲ್ಕು-ಐದನೇ ತರಗತಿಯ ಮಗುವಿಗೆ ಬೇಕಾದದ್ದು ಎಣಿಸಲು ಬರುವುದು, ಅಷ್ಟೇ. ಅಪಾಯ ತಪ್ಪುವುದು ಚಿತ್ರದ ಹಾಳೆಯಲ್ಲಿ. ಕೈಗವಸಿನ ಮಾತು ಆಮೇಲೆ.

ಕಸೂತಿಯ ನಾಲ್ಕು ಹೊಲಿಗೆಗಳೂ ಗಾಜಿಗೆ ಒಂದೇ ರೀತಿ ಒಗ್ಗುವುದಿಲ್ಲ. ಮುರ್ಗಿ ಮೆಟ್ಟಿಲಿನಂತೆ ಏರುವ ಹೊಲಿಗೆ, ಟೈಲಿಗೆ ಹೇಳಿ ಮಾಡಿಸಿದ್ದು. ಮೆಂತೆ ಮತ್ತು ನೇಯ್ಗಿ ಜಾಗ ತುಂಬುವ ಹೊಲಿಗೆಗಳು, ಅವೂ ಸುಲಭ. ತೊಂದರೆ ಕೊಡುವುದು ಗವಂತಿ. ಅದು ಬರೀ ಗೆರೆ, ಟೈಲಿಗೆ ಬಂದಾಗ ಆ ಗೆರೆ ಒಂದು ಚೌಕದಷ್ಟು ದಪ್ಪವಾಗುತ್ತದೆ, ಒಳಗಿನ ಸೂಕ್ಷ್ಮವೆಲ್ಲ ಮುಚ್ಚಿಹೋಗುತ್ತದೆ. ಸೀರೆಯ ಮೇಲಿನ ಗೋಪುರವನ್ನು ಇದ್ದಂತೆ ನಕಲು ಮಾಡಬೇಡಿ; ಹೊರಗಿನ ಮೆಟ್ಟಿಲು ಉಳಿಸಿ ಒಳಗಿನ ಗೆರೆಗಳಲ್ಲಿ ಮುಕ್ಕಾಲು ಪಾಲು ಬಿಡಿ. ಕಸೂತಿ ಬೇಡವೆನ್ನುವವರಿಗೆ ನವಲಗುಂದದ ಜಮಖಾನೆಯ ವಿನ್ಯಾಸಗಳಿವೆ, ಅವೂ ಚೌಕದ ಲೆಕ್ಕದವೇ. ಗದಗ ಜಿಲ್ಲೆಯವರು ಲಕ್ಕುಂಡಿಯ ಬಾವಿಗಳ ಮೆಟ್ಟಿಲುಗಳನ್ನು ತೆಗೆದುಕೊಳ್ಳಬಹುದು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುತಾಣಗಳ ರಾಮ್ಸರ್ ಪಟ್ಟಿ ಸೇರಿದ ಅದೇ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತು ಕೂಡ ಚೆನ್ನಾಗಿ ಕೂರುತ್ತದೆ: ಬಿಳಿ ತಲೆಯ ಮೇಲೆ ಎರಡು ಸಾಲು ಕಪ್ಪು ಟೈಲ್ ಇಟ್ಟರೆ ಯಾವ ಹಕ್ಕಿ ಎಂದು ಯಾರೂ ಕೇಳುವುದಿಲ್ಲ.

ಅಳತೆ

48 ಮಕ್ಕಳಿಗೆ ಸರಿಹೊಂದುವ ಒಂದು ಲೆಕ್ಕ ಕೊಡುತ್ತೇವೆ, ಕಡಿಮೆ-ಹೆಚ್ಚು ಮಾಡಿಕೊಳ್ಳಿ. ಟೈಲ್ 20 ಮಿಲಿಮೀಟರ್ ಚೌಕ, 4 ಮಿ.ಮೀ. ದಪ್ಪ, ಈಜುಕೊಳಕ್ಕೆ ಹಾಕುತ್ತಾರಲ್ಲ, ಅದೇ. ನಡುವೆ 2 ಮಿ.ಮೀ. ಸಂದು, ಅಂದರೆ ಒಂದು ಚೌಕಕ್ಕೆ 22 ಮಿ.ಮೀ. ಅಡ್ಡಕ್ಕೆ 72 ಚೌಕ, ಉದ್ದಕ್ಕೆ 48. ಒಟ್ಟು 3,456 ಟೈಲ್, 1,584 × 1,056 ಮಿ.ಮೀ., ಹೆಚ್ಚುಕಡಿಮೆ 18 ಚದರಡಿ.

ಇದರಲ್ಲಿ ಸುತ್ತಲೂ ನಾಲ್ಕು ಚೌಕ ಅಗಲದ ಅಂಚು ಬಿಡಿ. ಆ ಅಂಚನ್ನು 4 × 4ರ ತುಂಡುಗಳಾಗಿ ಕಡಿದರೆ 56 ತುಂಡು ಬರುತ್ತವೆ. 48 ಮಕ್ಕಳಿಗೆ ತಲಾ ಒಂದು, ಉಳಿದ ಎಂಟು ಬಿಸಿಯೂಟದ ಅಡುಗೆಯವರಿಗೆ, ಅಕ್ಕೋರಿಗೆ, ಮಾಸ್ತರಿಗೆ. ಈ ಹದಿನಾರು ಟೈಲುಗಳಲ್ಲಿ ಯಾವ ಬಣ್ಣ ಎಲ್ಲಿ ಎಂಬುದು ಪೂರ್ತಿ ಅವರವರ ಇಷ್ಟ, ದೊಡ್ಡವರು ಬಾಯಿ ಹಾಕುವಂತಿಲ್ಲ. ನಡುವಿನ ಚಿತ್ರದಲ್ಲಿ ಮಕ್ಕಳು ಹಾಳೆ ನೋಡಿ ಇಡುವವರೇ ಆಗಿರುವುದರಿಂದ ಈ ಅಂಚು ಇಲ್ಲದಿದ್ದರೆ ಅವರದ್ದು ಬರೀ ಕೂಲಿ ಕೆಲಸವಾಗುತ್ತದೆ. ಜೊತೆಗೆ ಇದೇ ಅವರ ತಾಲೀಮು. ಅಂಚಿನ ತುಂಡು ಮೊದಲು ಮಾಡಿಸಿ, ಕೈ ಕುದುರಿದ ಮೇಲೆ ನಡುವಿನ ಚಿತ್ರಕ್ಕೆ ಹೋಗಿ.

ನಡುವೆ ಉಳಿಯುವುದು 64 × 40. ಅದನ್ನು 16 × 10ರ ಹದಿನಾರು ಹಾಳೆಗಳಾಗಿ ಮಾಡಿ, ಒಂದಕ್ಕೆ 160 ಟೈಲ್, ಮೂವರು ಮಕ್ಕಳು. ಒಬ್ಬರು ಎಣಿಸಿ ಬಣ್ಣ ಕೂಗುವುದು, ಒಬ್ಬರು ಅಂಟು ಹಚ್ಚುವುದು, ಒಬ್ಬರು ಇಡುವುದು. ಪ್ರತಿ ಸಾಲಿಗೆ ಕೆಲಸ ಬದಲು. ಎರಡು ಪಿರಿಯಡ್ ಸಾಕು, ಮೂರಾದರೂ ಬೇಸರವಿಲ್ಲ.

ಗೋಪುರ ನಡುವೆ ಬರುವುದಾದರೆ ಒಂದು ಸೂಕ್ಷ್ಮವಿದೆ. 64 ಸಮಸಂಖ್ಯೆ, ನಟ್ಟನಡು ಬೀಳುವುದು 32 ಮತ್ತು 33ರ ನಡುವಿನ ಸಂದಿನಲ್ಲಿ, ಕಳಸಕ್ಕೆ ಎರಡು ಟೈಲ್ ಬೇಕಾಗುತ್ತದೆ. ಎರಡು ಹಾಳೆ ಕೂಡುವ ಜಾಗವೂ ಅದೇ. ಎಡದವರು ಒಂದು ಸಾಲು ತಪ್ಪಿದರೆ ಗೋಪುರ ಸೀಳಿದಂತೆ ಕಾಣುತ್ತದೆ. ಹಾಗಾಗಿ ಪಕ್ಕಪಕ್ಕದ ಗುಂಪುಗಳು ತಮ್ಮ ಕೊನೆಯ ಸಾಲನ್ನು ಮೊದಲು ಮುಗಿಸಿ, ಹಾಳೆ ಜೋಡಿಸಿ ನೋಡಿ, ಆಮೇಲೆ ಒಳಗೆ ತುಂಬಲಿ.

ಕೊಳ್ಳುವಾಗ

ಗಾಜಿನ ಮೊಸಾಯಿಕ್ ಸಾಮಾನ್ಯವಾಗಿ 327 ಮಿ.ಮೀ. ಚೌಕದ ಶೀಟಿನಲ್ಲಿ ಬರುತ್ತದೆ, ಒಂದು ಶೀಟಿಗೆ 15 × 15 ಅಂದರೆ 225 ಟೈಲ್. ಒಡಕು, ಕಳವು (ಮಕ್ಕಳ ಜೇಬು!) ಸೇರಿಸಿ ನೂರಕ್ಕೆ ಹತ್ತು ಹೆಚ್ಚು ಹಿಡಿದರೆ 17 ಶೀಟ್. ಚಂದ್ರಕಾಳಿ ಸೀರೆಯಂತೆ ಕಪ್ಪು ನೆಲ ಇಟ್ಟುಕೊಂಡರೆ ಕಪ್ಪು ಎಂಟು ಶೀಟ್, ಬಿಳಿ, ಕೆಂಪು, ಹಸಿರು ಎರಡೆರಡು, ಹಳದಿ, ಕಿತ್ತಳೆ, ನೇರಳೆ ಒಂದೊಂದು. ಕೆಂಪು-ಕಿತ್ತಳೆ ಗಾಜಿಗೆ ಬೆಲೆ ಹೆಚ್ಚು, ಆ ಬಣ್ಣ ಬರುವುದು ಕ್ಯಾಡ್ಮಿಯಂ-ಸೆಲೆನಿಯಂ ಸಂಯುಕ್ತಗಳಿಂದ. ಕತ್ತರಿಸಿ, ಉಜ್ಜಿ ಪುಡಿ ಮಾಡದಿದ್ದರೆ ಚಿಂತೆಯಿಲ್ಲ. ಹುಬ್ಬಳ್ಳಿಯ ಟೈಲ್ಸ್ ಅಂಗಡಿಗಳಲ್ಲಿ ನೀಲಿ ಮಿಶ್ರಣದ ಶೀಟು ಕೇಳಿದ ಕೂಡಲೇ ಸಿಗಬಹುದು, ಒಂದೇ ಬಣ್ಣದ ಕೆಂಪೋ ಹಳದಿಯೋ ಬೇಕೆಂದರೆ ಮೊದಲೇ ಹೇಳಿ ತರಿಸಬೇಕಾಗುತ್ತದೆ.

ಮುಖಕ್ಕೆ ಕಾಗದ ಅಂಟಿಸಿದ ಶೀಟ್ ಕೇಳಿ, ಬೆನ್ನಿಗೆ ಜಾಲರಿ ಇರುವುದು ಬೇಡ. ಕಾಗದದ್ದು ಉಗುರುಬೆಚ್ಚನೆಯ ನೀರಿನಲ್ಲಿ ಕಾಲು ಗಂಟೆ ನೆನೆದರೆ ತಾನಾಗಿ ಬಿಡುತ್ತದೆ. ಜಾಲರಿಯ ಅಂಟು ಬಿಡಿಸುವಷ್ಟರಲ್ಲಿ ಟೈಲಿನ ಮೂಲೆ ಹಾರಿರುತ್ತದೆ. ಬಿಡಿಸಿದ ಟೈಲುಗಳನ್ನು ಒಣಗಿಸಿ, ದಪ್ಪ ಕೈಗವಸು ಹಾಕಿದ ದೊಡ್ಡವರೊಬ್ಬರು ಬೆಳಕಿಗೆ ಹಿಡಿದು ಆರಿಸಬೇಕು. ಮೂಲೆ ಮುರಿದದ್ದು ಪಕ್ಕಕ್ಕೆ. ಅಂಚು ತುಸು ಗೀಚುವಂತಿದ್ದರೆ 220ನೇ ನಂಬರಿನ ವಾಟರ್ ಪೇಪರಿನ ಮೇಲೆ ನೀರು ಹಾಕಿ ಎರಡು ಸಲ ಎಳೆದರೆ ಸಾಕು. ಈ ಕೆಲಸ ಮಕ್ಕಳು ಬರುವ ಹಿಂದಿನ ದಿನವೇ ಮುಗಿದಿರಲಿ.

ಮುಖ ಕೆಳಗೆ

ಟೈಲನ್ನು ಫೈಬರ್ ಜಾಲರಿಗೆ ಫೆವಿಕಾಲಿನಿಂದ ಅಂಟಿಸಿ, ಜಾಲರಿ ಸಮೇತ ಗೋಡೆಗೆ ಹಾಕುವುದು ಹಲವರ ರೂಢಿ. ಮಕ್ಕಳಿಗೆ ಕಣ್ಣೆದುರೇ ಚಿತ್ರ ಕಾಣುವುದರಿಂದ ಸುಲಭ ಅನ್ನಿಸುತ್ತದೆ. ಆದರೆ ಮಕ್ಕಳು ಫೆವಿಕಾಲ್ ಹಾಕುವುದು ಧಾರಾಳ. ಟೈಲಿನ ಬೆನ್ನೆಲ್ಲ ಅಂಟು ಮುಚ್ಚಿದರೆ ಗೋಡೆಗೆ ಕೂರಿಸುವ ಸಿಮೆಂಟಿನ ಅಂಟು, ಅಂದರೆ ಅಡೆಸಿವ್, ಹಿಡಿಯಲು ಗಾಜೇ ಸಿಗುವುದಿಲ್ಲ, ಮೇಲಾಗಿ ಸಾದಾ ಫೆವಿಕಾಲ್ ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಮಳೆ ಎರಚುವ ಗೋಡೆಯಲ್ಲಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಟೈಲ್ ಉದುರಲು ಶುರು.

ನಮ್ಮ ಆಯ್ಕೆ ಹಳೆಯ ಪದ್ಧತಿ: ಖಾಕಿ ಕಾಗದದ ಮೇಲೆ ಮೈದಾ ಅಂಟಿನಿಂದ ಟೈಲನ್ನು ಮುಖ ಕೆಳಗೆ ಮಾಡಿ ಅಂಟಿಸುವುದು. ಗೋಡೆಗೆ ಹೋಗುವುದು ಸ್ವಚ್ಛ ಬೆನ್ನು, ಅಂಟು ಉಳಿಯುವುದು ಮುಖದ ಮೇಲೆ, ಕೊನೆಗೆ ಕಾಗದದ ಜೊತೆ ತೊಳೆದುಹೋಗುತ್ತದೆ. ಬೆಲೆ ಏನೆಂದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಎರಡೂ ಬದಿ ಒಂದೇ ಇರುವ ಗೋಪುರಕ್ಕೆ ಇದರಿಂದ ನಷ್ಟವಿಲ್ಲ. ಆನೆ ಎಡಕ್ಕೆ ನೋಡುವುದು ಬಲಕ್ಕೆ ನೋಡುತ್ತದೆ. ಅಕ್ಷರ ಬಂದರೆ ಮಾತ್ರ ಪಜೀತಿ. ಚೌಕಳಿ ಹಾಳೆಯನ್ನು ಕಿಟಕಿ ಗಾಜಿಗೆ ಹಿಂದುಮುಂದಾಗಿ ಒತ್ತಿ ಹಿಡಿದು ನಕಲು ತೆಗೆದು, ಆ ತಿರುಗಿಸಿದ ಹಾಳೆಯನ್ನೇ ಮಕ್ಕಳಿಗೆ ಕೊಡಿ. ಶಾಲೆಯ ಹೆಸರನ್ನು ಗಾಜಿನಲ್ಲಿ ಬರೆಯಲೇಬೇಕೆಂದು ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಹಟ ಹಿಡಿದರೆ ಕೆಳಗೆ ಬೇರೆ ಬೋರ್ಡು ಹಾಕಿಸಿ, 20 ಮಿ.ಮೀ. ಟೈಲಿನಲ್ಲಿ ಒತ್ತಕ್ಷರ ಓದಲು ಬರುವಂತೆ ಮಾಡುವುದಕ್ಕೆ ಗೋಡೆಯೇ ಸಾಲದು.

ಅಂಟಿಗೆ 100 ಗ್ರಾಂ ಮೈದಾವನ್ನು ಅಷ್ಟೇ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, 400 ಮಿಲಿಲೀಟರ್ ಕುದಿಯುವ ನೀರಿಗೆ ಸುರಿದು, ಸಣ್ಣ ಉರಿಯಲ್ಲಿ ಮೂರ್ನಾಲ್ಕು ನಿಮಿಷ ತಿರುವಬೇಕು. ಬಿಳಿ ಹೋಗಿ ಮಸುಕು ಪಾರದರ್ಶಕವಾದರೆ ಇಳಿಸಿ. ದಿನಾ ಹೊಸದು ಮಾಡಿ. ಪೋಸ್ಟರ್ ಹಚ್ಚುವವರು ಹುಳ ಬೀಳದಿರಲೆಂದು ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳು ಬೆರಳಿನಲ್ಲಿ ಹಚ್ಚುವ ಅಂಟಿಗೆ ಬೇಡವೇ ಬೇಡ.

ಈಗ ಟೈಲನ್ನು ಹತ್ತಿರದಿಂದ ನೋಡಿ. ಒಂದು ಮುಖ ನುಣುಪು, ಇನ್ನೊಂದಕ್ಕೆ ಸಣ್ಣ ಗೀರುಗಳ ಸಾಲು, ಅಂಚುಗಳು ಬೆನ್ನಿನ ಕಡೆಗೆ ತುಸು ಒಳಕ್ಕೆ ವಾಲಿರುತ್ತವೆ. ನುಣುಪಿಗೆ ಅಂಟು, ನುಣುಪು ಕೆಳಗೆ, ಗೀರು ಮೇಲೆ. ಮಕ್ಕಳು ಅತಿ ಹೆಚ್ಚು ತಪ್ಪುವುದು ಇಲ್ಲೇ. "ಗೀರು ಆಕಾಶಕ್ಕೆ" ಎಂದು ಗಟ್ಟಿಯಾಗಿ ಹೇಳಿಸುತ್ತಾ ಹೋಗಿ. ಮುಗಿದ ಹಾಳೆಯ ಮೇಲೆ ಅಂಗೈ ಆಡಿಸಿದರೆ ತಲೆಕೆಳಗಾದ ಟೈಲ್ ನುಣ್ಣಗೆ ಸಿಕ್ಕಿಬೀಳುತ್ತದೆ. "ಅಕ್ಕೋರ, ಇದು ಉಲ್ಟಾ ಐತ್ರಿ" ಎಂದು ಅವರೇ ಹಿಡಿದು ತೋರಿಸುವ ಆಟವಾಗುತ್ತದೆ ಅದು.

ಅಂಟು ಟೈಲಿಗೆ ಹಚ್ಚಬೇಕು, ಕಾಗದಕ್ಕಲ್ಲ, ಅದೂ ಬೆರಳ ತುದಿಯಷ್ಟು. ಕಾಗದಕ್ಕೆ ಬಳಿದರೆ ಅದು ನೀರು ಕುಡಿದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, 22 ಮಿ.ಮೀ. ಚೌಕಗಳು ಸಾಲು ತಪ್ಪುತ್ತವೆ. ಕಾಗದ ಹಿಗ್ಗುವುದು ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ. ಆದ್ದರಿಂದ ಹದಿನಾರೂ ಹಾಳೆಗಳನ್ನು ಸುರುಳಿಯಿಂದ ಒಂದೇ ದಿಕ್ಕಿಗೆ ಕತ್ತರಿಸಿ. ಟೈಲ್ ಇಡದ ಬದಿಯಲ್ಲಿ ಹಾಳೆಯ ಸಂಖ್ಯೆ ಮತ್ತು ಮೇಲ್ಭಾಗ ತೋರಿಸುವ ಬಾಣ ಬರೆಯಿರಿ, ಗೋಡೆಗೆ ಒತ್ತುವಾಗ ಕಣ್ಣಿಗೆ ಕಾಣುವುದು ಅದೊಂದೇ. ಮಕ್ಕಳ ಹೆಸರೂ ಅಲ್ಲೇ ಇರಲಿ, ಆದರೆ ಆ ಹೆಸರು ಕೊನೆಗೆ ಬಕೆಟ್ಟಿಗೆ ಹೋಗುತ್ತದೆಂದು ಮೊದಲೇ ತಿಳಿಸಿ. ಹೇಳದಿದ್ದರೆ ಅಳು ಗ್ಯಾರಂಟಿ.

ಒಣಗಿಸುವುದು ನೆರಳಿನಲ್ಲಿ, ಸಮತಟ್ಟು ಹಲಗೆಯ ಮೇಲೆ, ಒಂದು ರಾತ್ರಿ. ಬಿಸಿಲಿಗಿಟ್ಟರೆ ಕಾಗದ ಮುದುಡಿ ಟೈಲುಗಳು ಪಟಪಟನೆ ಎದ್ದುಬರುತ್ತವೆ. ಜುಲೈ-ಆಗಸ್ಟಿನ ಧಾರವಾಡದ ಜಿಟಿಜಿಟಿಯಲ್ಲಿ ಒಣಗುವ ಮಾತೇ ಇಲ್ಲ, ಬೂಷ್ಟು ಹಿಡಿಯುತ್ತದೆ. ದಸರಾ ರಜೆ ಮುಗಿದ ಮೇಲೆ ಸಂಕ್ರಾಂತಿಯವರೆಗಿನ ದಿನಗಳೇ ಈ ಕೆಲಸಕ್ಕೆ ಒಳ್ಳೆಯವು. ಮೈದಾ ವಾಸನೆಗೆ ಇರುವೆ, ಇಲಿ ಎರಡೂ ಬರುತ್ತವೆ, ಕೋಣೆ ಬೀಗ ಹಾಕಿದರೆ ಸಾಲದು, ಟೇಬಲ್ಲಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ.

ನೆಲದ ಬಗ್ಗೆ ಒಂದು ಮಾತು. ನಮ್ಮ ಶಾಲೆಗಳಲ್ಲಿ ಮಕ್ಕಳು ವರಾಂಡದಲ್ಲೇ ನೆಲಕ್ಕೆ ಕೂತು ಉಣ್ಣುತ್ತಾರೆ, ಬರಿಗಾಲಲ್ಲಿ ಓಡಾಡುತ್ತಾರೆ. ಗಾಜಿನ ಕೆಲಸ ಊಟದ ಜಾಗದಲ್ಲಿ ಆಗಕೂಡದು. ಜಮಖಾನೆ ಹಾಸಿದರೆ ಚೂರು ನೇಯ್ಗೆಯೊಳಗೆ ಸೇರಿಕೊಳ್ಳುತ್ತದೆ, ತಾಡಪತ್ರಿ ಹಾಸಿ. ಕೆಲಸ ಮುಗಿದ ಮೇಲೆ ಗುಡಿಸಿ, ಹಸಿ ಬಟ್ಟೆಯಲ್ಲಿ ಒರೆಸಿ, ಕೋಣೆ ಕತ್ತಲು ಮಾಡಿ ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಡ್ಡ ಬೆಳಕು ಬಿಡಿ. ಮಿನುಗಿದ್ದನ್ನೆಲ್ಲ ಗೋಧಿಹಿಟ್ಟಿನ ಕಣಕದ ಉಂಡೆ ಒತ್ತಿ ಎತ್ತಿ, ಆ ಉಂಡೆಯನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ. ದನದ ಬಾಯಿಗೆ ಸಿಗದಂತೆ.

ಗೋಡೆ

ಹಾಳಾಗುವ ಮೊಸಾಯಿಕ್‌ಗಳಲ್ಲಿ ಹೆಚ್ಚಿನವು ಗೋಡೆಯಿಂದಲೇ ಹಾಳಾಗುತ್ತವೆ. ಸುಣ್ಣ, ಡಿಸ್ಟೆಂಪರ್, ಆಯಿಲ್ ಪೇಂಟ್ ಪದರದ ಮೇಲೆ ಅಡೆಸಿವ್ ಹಾಕಿದರೆ ಟೈಲು ಗಟ್ಟಿಯಾಗಿ ಹಿಡಿದಿರುತ್ತದೆ, ಬಣ್ಣವೇ ಗೋಡೆ ಬಿಟ್ಟು ಬರುತ್ತದೆ. ಉಳಿ-ಸುತ್ತಿಗೆಯಿಂದ ಪ್ಲಾಸ್ಟರ್ ಕಾಣುವವರೆಗೆ ಕೆರೆಸಬೇಕು. ತಟ್ಟಿದಾಗ ಪೊಳ್ಳು ಸದ್ದು ಬಂದರೆ ಪ್ಲಾಸ್ಟರನ್ನೂ ಕಿತ್ತು ಸಿಮೆಂಟ್-ಮರಳು 1:4ರಲ್ಲಿ ಹೊಸದು ಮಾಡಿಸಿ, ಏಳು ದಿನ ನೀರುಣಿಸಿ, ತಿಂಗಳು ಒಣಗಲು ಬಿಡಿ. ಬುಡದಲ್ಲಿ ಬಿಳಿ ಉಪ್ಪು ಎದ್ದ ಗೋಡೆ ಬೇಡ.

ಎರೆ ಭೂಮಿಯ ಊರುಗಳಲ್ಲಿ, ನವಲಗುಂದ, ನರಗುಂದ, ಅಣ್ಣಿಗೇರಿ, ರೋಣದ ಕಡೆ, ಇನ್ನೊಂದು ತೊಡಕು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಅಡಿಪಾಯ ಅಲುಗುತ್ತದೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಗೌಂಡಿ ಅದಕ್ಕೆ ಸಿಮೆಂಟ್ ತುಂಬಿ ಕೊಟ್ಟರೂ ಮುಂದಿನ ಏಪ್ರಿಲ್‌ಗೆ ಅದೇ ಬಿರುಕು ಗಾಜನ್ನೂ ಸೀಳುತ್ತದೆ. ಇಂಥ ಕಡೆ ಗೋಡೆಗೆ ನೇರ ಹಚ್ಚದೆ 12 ಮಿ.ಮೀ. ಫೈಬರ್ ಸಿಮೆಂಟ್ ಬೋರ್ಡಿನ ಮೇಲೆ ಮಾಡುವುದೇ ಸರಿ. 8 × 4 ಅಡಿಯ ಒಂದೇ ಬೋರ್ಡಿನಲ್ಲಿ ನಮ್ಮ ಚಿತ್ರ, ಸುತ್ತ 5 ಸೆಂ.ಮೀ. ಅಂಚು ಸಮೇತ, ಕೂರುತ್ತದೆ. ಖಾಲಿ ಬೋರ್ಡನ್ನು ಮೊದಲು ಆ ಅಂಚಿನಲ್ಲಿ ಸ್ಕ್ರೂ ಹಾಕಿ ಗೋಡೆಗೆ ಬಿಗಿದು ಆಮೇಲೆ ಟೈಲ್ ಹಚ್ಚಿ. ಬೋರ್ಡು, ಗಾಜು, ಅಡೆಸಿವ್ ಸೇರಿ ಐವತ್ತು ಕಿಲೋ ದಾಟಬಹುದು, ತುಂಬಿದ ಬೋರ್ಡನ್ನು ಎತ್ತುವ ಸಾಹಸ ಬೇಡ. ಸ್ಕ್ರೂ ಮೇಲೆ ಅಲ್ಯೂಮಿನಿಯಂ ಪಟ್ಟಿ ಬಂದರೆ ಚೌಕಟ್ಟೂ ಆಯಿತು.

ಹಚ್ಚುವ ದಿನ

ಗಾಜು ನೀರು ಹೀರುವುದಿಲ್ಲ, ಸಾದಾ ಸಿಮೆಂಟ್ ಅದನ್ನು ಹಿಡಿಯುವುದಿಲ್ಲ. ಪ್ಯಾಕಿನ ಮೇಲೆ ಗಾಜಿನ ಮೊಸಾಯಿಕ್‌ಗೆ ಎಂದು ಬರೆದಿರುವ ಪಾಲಿಮರ್ ಅಡೆಸಿವ್ ಬೇಕು, ಅದೂ ಬಿಳಿಯದು. ಬೂದು ಅಡೆಸಿವ್ ತಿಳಿ ಬಣ್ಣದ ಗಾಜಿನೊಳಗಿಂದ ಕಂಡು ಹಳದಿಯನ್ನು ಕೊಳಕು ಮಾಡುತ್ತದೆ. 3 ಮಿ.ಮೀ. ದಪ್ಪಕ್ಕೆ ಏಳೆಂಟು ಕಿಲೋ ಸಾಕು, 20 ಕಿಲೋ ಚೀಲ ಒಂದು ತನ್ನಿ. ಒಮ್ಮೆಗೆ ಎರಡು ಕಿಲೋಗಿಂತ ಹೆಚ್ಚು ಕಲಸಬೇಡಿ. ಹದ ಇಡ್ಲಿಹಿಟ್ಟಿಗಿಂತ ಗಟ್ಟಿ, ಕರಣಿಯಿಂದ ಜಾರಬಾರದು.

ಹಲ್ಲಿನ ಕರಣಿಯಲ್ಲಿ ಹರಡಿ, ಅದರ ಚಪ್ಪಟೆ ಬದಿಯಿಂದ ಗೆರೆಗಳನ್ನು ಸಮ ಮಾಡಿ. ಗೆರೆ ಉಳಿದರೆ ಗಾಜಿನ ಹಿಂದೆ ಕಾಣುತ್ತದೆ, ಸಂದಿನಲ್ಲೂ ಉಕ್ಕುತ್ತದೆ. ಒಮ್ಮೆಗೆ ಎರಡು ಹಾಳೆಯಷ್ಟೇ ಜಾಗ. ಮೇಲೆ ಬೆರಳಿಟ್ಟಾಗ ಅಂಟದಿದ್ದರೆ ಪೊರೆ ಕಟ್ಟಿದೆ ಎಂದರ್ಥ, ಕೆರೆದು ಹೊಸದು ಹಾಕಿ. ಬಿಸಿಲು ಬೀಳುವ ಪಡುವಣ ಗೋಡೆಯಲ್ಲಿ ಪೊರೆ ಹತ್ತೇ ನಿಮಿಷದಲ್ಲಿ ಕಟ್ಟಬಹುದು, ಅಲ್ಲಿ ಬೆಳಿಗ್ಗೆಯೇ ಮುಗಿಸಿ. ಕೆಳಗೆ ಮಟ್ಟ ನೋಡಿ ಮರದ ಪಟ್ಟಿ ಹೊಡೆದು ಅದರ ಮೇಲಿನಿಂದ ಶುರು ಮಾಡಿದರೆ ಹಾಳೆಗಳು ಜಾರುವುದಿಲ್ಲ. ಹಾಳೆಯ ಹೊರಚಾಚಿದ ಕಾಗದವನ್ನು ಟೈಲಿನ ಅಂಚಿಗೇ ಕತ್ತರಿಸಿರಬೇಕು. ಹಾಳೆಗಳ ನಡುವೆಯೂ ಅದೇ 2 ಮಿ.ಮೀ.; ಅಲ್ಲಿ 4 ಆದರೆ ದೂರದಿಂದ ಹದಿನಾರು ಚೌಕಗಳೇ ಕಾಣುತ್ತವೆ, ಗೋಪುರ ಕಾಣುವುದಿಲ್ಲ.

ಹಸಿ ಸಿಮೆಂಟ್ ಕ್ಷಾರ, ಚರ್ಮ ಸುಡುತ್ತದೆ. ಇಲ್ಲಿಯವರೆಗಿನ ಗೋಡೆ ಕೆಲಸವೆಲ್ಲ ದೊಡ್ಡವರದು. ಮುಕ್ಕಾಲು ಗಂಟೆಯ ನಂತರ ಮಕ್ಕಳನ್ನು ಕರೆಯಿರಿ, ಸಣ್ಣ ಅಳತೆಯ ರಬ್ಬರ್ ಕೈಗವಸು ಹಾಕಿ, ಸ್ಪಂಜಿನಿಂದ ಕಾಗದ ನೆನೆಸಲಿ, ಎರಡು ಮೂರು ಸಲ. ಖಾಕಿ ಬಣ್ಣ ಗಾಢವಾಗಿ ಕಾಗದ ತಾನೇ ಸಡಿಲವಾದಾಗ ಮೂಲೆ ಹಿಡಿದು, ಗೋಡೆಗೆ ಸಮಾನಾಂತರವಾಗಿ ಕೆಳಕ್ಕೆ ಎಳೆಯಬೇಕು. ತಮ್ಮತ್ತ ಎಳೆದರೆ ಟೈಲೂ ಬರುತ್ತದೆ. ತಿರುಗಿಬಿದ್ದಿದ್ದ ಚಿತ್ರ ನೆಟ್ಟಗಾಗಿ ಕಾಣುವುದು ಈ ಗಳಿಗೆಯಲ್ಲೇ, ಇದನ್ನು ಮಕ್ಕಳಿಂದ ಕಸಿದು ಗೌಂಡಿಗೆ ಕೊಡಬೇಡಿ. ಎರಡು ಗಂಟೆ ಬಿಟ್ಟು ಕಾಗದ ತೆಗೆದರೆ ಸರಿದ ಟೈಲನ್ನು ನೇರ ಮಾಡಲು ಆಗುವುದಿಲ್ಲ. ಮೈದಾ ಅಂಟನ್ನು ಅದೇ ದಿನ ಪೂರ್ತಿ ತೊಳೆಯಿರಿ, ಉಳಿದ ಕಡೆ ಬೂಷ್ಟು ಬರುತ್ತದೆ.

ಸಂದು ತುಂಬುವ ಗ್ರೌಟ್ ಮರುದಿನ. ಮರಳಿಲ್ಲದ ನುಣುಪು ಗ್ರೌಟೇ ಬೇಕು, ಮರಳಿನದು ಗಾಜಿಗೆ ಗೀರು ಹಾಕುತ್ತದೆ. ಮೂರು ಕಿಲೋ ಸಾಕು. ಬಿಳಿ ಗ್ರೌಟ್ ಹಾಕಿದರೆ ಕಪ್ಪು ನೆಲದ ಮೇಲೆ ಬಲೆ ಎಸೆದಂತಾಗುತ್ತದೆ, ಗಾಢ ಬೂದು ತೆಗೆದುಕೊಳ್ಳಿ. ರಬ್ಬರ್ ಹಲಗೆಯಿಂದ ಓರೆಯಾಗಿ ಎಳೆದು ತುಂಬಿ, ಕಾಲು ಗಂಟೆ ಬಿಟ್ಟು ಹಿಂಡಿದ ಸ್ಪಂಜಿನಿಂದ ಓರೆಯಾಗಿಯೇ ಒರೆಸಿ. ಬೇಗ ಒರೆಸಿದರೆ ಸಂದು ಖಾಲಿ, ತಡವಾದರೆ ಗಾಜಿನ ಮೇಲೆ ಮಂಜು. ಕೊನೆಯ ಒಣ ಬಟ್ಟೆಯ ಹೊಳಪು ಮಕ್ಕಳದು.

ಬಳೆ ಚೂರು, ಲಂಬಾಣಿ ಕನ್ನಡಿ ಸೇರಿಸೋಣವೇ ಎಂದು ತಾಂಡಾಗಳ ಕಡೆಯ ಶಾಲೆಗಳಲ್ಲಿ ಕೇಳುತ್ತಾರೆ. ಒಡೆದ ಬಳೆ ಬೇಡ, ಇಡೀ ಬಳೆಯನ್ನು ಅಡೆಸಿವ್‌ನಲ್ಲಿ ಕೂರಿಸಿ ನಡುವೆ ಟೈಲ್ ಇಡಬಹುದು. ಮೇಲ್ಮೈಗಷ್ಟೇ ಬಣ್ಣ ಬಳಿದ ಬಳೆ ಬಿಸಿಲಿಗೆ ಮಾಸುತ್ತದೆ, ಒಳಗಿಂದಲೇ ಬಣ್ಣವಿರುವುದನ್ನು ಆರಿಸಿ. ಕನ್ನಡಿಯ ಬೆನ್ನಿನ ಬೆಳ್ಳಿ ಲೇಪವನ್ನು ತೇವ ಮತ್ತು ಸಿಮೆಂಟಿನ ಕ್ಷಾರ ತಿನ್ನುತ್ತವೆ, ಅಂಚಿನಿಂದ ಕಪ್ಪು ಚುಕ್ಕೆ ಏಳುತ್ತದೆ. ಒಳಗಿನ ಗೋಡೆಯಾದರೆ ನ್ಯೂಟ್ರಲ್ ಸಿಲಿಕಾನ್ ಅಂಟಿನಲ್ಲಿ ಕೂರಿಸಿ, ವಿನೆಗರ್ ವಾಸನೆಯ ಸಿಲಿಕಾನ್ ಲೇಪವನ್ನೇ ಹಾಳುಮಾಡುತ್ತದೆ. ಕುಲುಮೆಯಲ್ಲಿ ಕರಗಿಸಿ ಕೂಡಿಸುವ ಗಾಜಿನ ಆಸೆ ಇರುವವರು ನೆನಪಿಡಿ: ಕಾವಿಗೆ ಹಿಗ್ಗುವ ಪ್ರಮಾಣ ಬೇರೆಬೇರೆ ಇರುವ ಗಾಜುಗಳನ್ನು ಕೂಡಿಸಿದರೆ ತಣಿಯುವಾಗ ಬಿರಿಯುತ್ತವೆ. ಗುಜರಿಯಿಂದ ತಂದ ಬಾಟಲಿ, ಕಿಟಕಿ ಗಾಜು ಬೆರೆಸಿ ಆ ಕೆಲಸ ಆಗುವುದಿಲ್ಲ.

ಸುತ್ತಲಿನ ಸಂದಿಗೆ ಗ್ರೌಟ್ ತುಂಬದೆ 5 ಮಿ.ಮೀ. ಸಿಲಿಕಾನ್ ಬಿಡಿ, ಬಿಸಿಲಿಗೆ ಹಿಗ್ಗಲು ಜಾಗ ಬೇಕು. ತೊಳೆಯಲು ಸಾದಾ ನೀರು. ಶೌಚಾಲಯಕ್ಕೆ ತಂದ ಆ್ಯಸಿಡ್ ಯಾರೂ ಇದರ ಮೇಲೆ ಸುರಿಯದಂತೆ ನೋಡಿಕೊಳ್ಳಿ, ಗ್ರೌಟ್ ತಿಂದುಹೋಗುತ್ತದೆ. ಉಳಿದ ಟೈಲುಗಳನ್ನು ಬಣ್ಣವಾರು ಡಬ್ಬಿಗೆ ಹಾಕಿ, ಅಡೆಸಿವ್ ಯಾವುದು, ಗ್ರೌಟಿನ ಬಣ್ಣದ ನಂಬರ್ ಏನು ಎಂದು ಚೌಕಳಿ ಹಾಳೆಯ ಹಿಂದೆ ಬರೆದು, ಎರಡನ್ನೂ ಹೆಡ್ ಮಾಸ್ತರರ ಅಲ್ಮಾರಿಯಲ್ಲಿ ಇಡಿಸಿ. ಕ್ರಿಕೆಟ್ ಚೆಂಡಿಗೆ ಎರಡು ಟೈಲ್ ಹೋದರೆ ಆ ಡಬ್ಬಿ ಬೇಕಾಗುತ್ತದೆ.